ಗೊಮ್ಮಟನನ್ನು ಚಿತ್ರಪಟಕ್ಕಿಳಿಸಿದ ಕರ್ನಲ್ ಮೆಕೆಂಜಿ

ಜಿನಬಿಂಬವನ್ನು ಪ್ರತಿಷ್ಠಾಪಿಸುವವರು ಪುಣ್ಯವಂತರು. ಬಿಂಬವಿರುವ ಸ್ಥಳವನ್ನು ಮುಂದಿನವರಿಗಾಗಿ ಗುರುತಿಸಿಟ್ಟವರನ್ನೂ ಇಂತಹ ಮಂಗಳ ಸಮಯದಲ್ಲಿ ಸ್ಮರಿಸುವುದು ಉಚಿತವಾಗಿದೆ. ಛಾಯಾಚಿತ್ರ ಯಂತ್ರವು ಹುಟ್ಟುವುದಕ್ಕೆ ಮೊದಲೇ ನಮ್ಮ ನಾಡಿನ ಪುಣ್ಯಕ್ಷೇತ್ರಗಳನ್ನು ಕುಂಚದಿಂದ ಕಾಗದದ ಮೇಲೆ ಬರೆಯಿಸಿಟ್ಟವರಲ್ಲಿ ಕರ್ನಲ್ ಕಾಲಿನ್ ಮೆಕೆಂಜಿಯವರು ಪ್ರಮುಖರು. ಅವರು ಜನ್ಮತಃ ಕ್ರೈಸ್ತರು. ವೃತ್ತಿಯಿಂದ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಾಧಿಕಾರಿಗಳು.

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಊರಿನಲ್ಲಿ 1754ರಲ್ಲಿ ಅವರ ಜನನವಾಯಿತು. ಕೆಲಕಾಲ ಅಲ್ಲಿಯ ಸುಂಕದ ಕಚೇರಿಯಲ್ಲಿದ್ದು, 1783ರಲ್ಲಿ ಮದರಾಸಿಗೆ ಬಂದರು. ಹಿಂದೂ ಗಣಿತಶಾಸ್ತ್ರದ ವಿಷಯದಲ್ಲಿ ಅವರಿಗಿದ್ದ ಕುತೂಹಲವೂ ಅವರನ್ನು ಈ ದೇಶಕ್ಕೆ ಸೆಳೆದಿತ್ತು. ಆದರೆ ಬಂದ ಬಹುಕಾಲ ಕಳೆದದ್ದು ಯುದ್ಧಗಳಲ್ಲಿಯೇ. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಮೈಸೂರು ಸೀಮೆಯ ಮೋಜಣಿಯ ಭಾರವು ಅವರ ಪಾಲಿಗೆ ಬಂದಿತು. ಗೆದ್ದವನು ಗೆದ್ದ ಆಸ್ತಿಯನ್ನು ಅಳೆಯಿಸುವುದು ಲೋಕರೂಢಿ. ಕಂಪನಿಯ ಉದ್ದೇಶವು ಅದಕ್ಕಿಂತ ಹೆಚ್ಚಿನದಾಗಿರಲಿಲ್ಲ. ಮೆಕೆಂಜಿಯವರು ಮಾತ್ರ ಹೊಲಗದ್ದೆ ಬೆಟ್ಟಗುಡ್ಡಗಳ ಜೊತೆಗೆ ಗುಡಿ, ಬಸದಿ, ಶಾಸನ, ತಾಳೆಯೋಲೆ, ವೃದ್ಧರ ಬಾಯಿಯ ಮಾತು ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರು.

ಸುಮಾರು ಹತ್ತು ವರ್ಷ, ಅಂದರೆ 1810ರವರೆಗೆ, ಈ ಕಾರ್ಯ ನಡೆಯಿತು. ಇಂದು ಎನ್. ಬೇಗೂರಿನವರಿಗೆ ಕಾಡಂಚು ಎಂದರೆ ಆನೆಯ ಭಯ. ಆ ಕಾಲದಲ್ಲಿ ಮೈಸೂರು ಸೀಮೆಯ ಕಾಡುಗಳಲ್ಲಿ ಅದಕ್ಕಿಂತ ದೊಡ್ಡ ಭಯವಿದ್ದುದು ಚಳಿಜ್ವರದ್ದು. ಮೋಜಣಿಯವರಲ್ಲಿ ಆರೋಗ್ಯ ಕಳೆದುಕೊಂಡವರು ಹಲವರು. ಇದರ ಮೇಲೆ ಕಂಪನಿಯ ನಿರ್ದೇಶಕರು ಆರಂಭದ ವರ್ಷಗಳಲ್ಲಿಯೇ ವೆಚ್ಚವನ್ನು ಕಡಿತಗೊಳಿಸಿದರು. ಶಾಸನ, ಗ್ರಂಥಗಳ ಸಂಗ್ರಹಕ್ಕೆ ಮೆಕೆಂಜಿಯವರು ಸ್ವಂತ ಹಣವನ್ನೇ ಸುರಿಯಬೇಕಾಯಿತು.

ಅವರಿಗೆ ಕನ್ನಡವಾಗಲಿ ಸಂಸ್ಕೃತವಾಗಲಿ ಬರುತ್ತಿರಲಿಲ್ಲ. ತೆಲುಗು ನಾಡಿನ ಕಾವಲಿ ವೆಂಕಟ ಬೊರಯ್ಯನವರೂ, ಅವರು 1803ರಲ್ಲಿ ಅಕಾಲ ಮರಣಕ್ಕೀಡಾದ ಬಳಿಕ ಅವರ ಸೋದರ ಲಕ್ಷ್ಮಯ್ಯನವರೂ ಅವರಿಗೆ ಕಣ್ಣು ಕಿವಿಗಳಾದರು. ಜೈನರ ವಿಷಯದಲ್ಲಿ ಆ ಸ್ಥಾನವು ಧರ್ಮಯ್ಯ ಪಂಡಿತರದು. ಪೂಜ್ಯಪಾದಾಚಾರ್ಯರ ನೆನಪಿನಿಂದ ಪವಿತ್ರವಾದ ಕನಕಗಿರಿಯ, ಅಂದರೆ ಚಾಮರಾಜನಗರ ಸೀಮೆಯ ಮಲೆಯೂರಿನ, ಈ ಜೈನ ವಿದ್ವಾಂಸರು ಹಳಗನ್ನಡವನ್ನು ಬಲ್ಲವರು, ಶಿಲಾಲಿಪಿಯನ್ನು ಓದಬಲ್ಲವರು. ಅದೇ ಕನಕಗಿರಿಯ ದೇವಚಂದ್ರ ಕವಿಗಳೂ ಮೆಕೆಂಜಿಯವರನ್ನು ಕಂಡಿದ್ದರು. ಅವರು ಮುಂದೆ ರಚಿಸಿದ ರಾಜಾವಳಿ ಕಥೆಗೆ ಆ ಭೇಟಿಯೂ ಒಂದು ಪ್ರೇರಣೆಯಾಯಿತು.

ಆ ಕಾಲದ ಆಂಗ್ಲ ವಿದ್ವಾಂಸರಲ್ಲಿ ಜೈನಧರ್ಮವನ್ನು ಬೌದ್ಧಧರ್ಮದೊಡನೆ ಬೆರೆಸಿ ನೋಡುವ ಭ್ರಮೆ ಇತ್ತು. ಜೈನ ಗುರುಗಳೊಬ್ಬರಿಂದ ಕೇಳಿ ಬರೆದು, ಬೊರಯ್ಯನವರಿಂದ ಅನುವಾದ ಮಾಡಿಸಿದ ಜೈನರ ವೃತ್ತಾಂತವೊಂದನ್ನು ಮೆಕೆಂಜಿಯವರು ಕಲಕತ್ತೆಯ ಏಷಿಯಾಟಿಕ್ ರಿಸರ್ಚಸ್ ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. ಎರಡೂ ಬೇರೆ ಧರ್ಮಗಳೆಂಬುದನ್ನು ತಾವು ಕಂಡುಕೊಂಡುದನ್ನು ತಮ್ಮ ಸಾಧನೆಗಳಲ್ಲಿ ಒಂದೆಂದು ಅವರೇ ಎಣಿಸಿಕೊಂಡಿದ್ದರು. ಯಾವ ಶ್ರಾವಕನ ಮನೆಯ ಮಗುವಿಗೂ ಗೊತ್ತಿದ್ದುದನ್ನು ಕಂಡುಹಿಡಿದೆನೆನ್ನುವುದು ನಗೆ ತರಿಸಬಹುದು. ಹೊರಜಗತ್ತಿಗೆ ಅದು ಹೊಸ ವಿಷಯವೇ ಆಗಿತ್ತು.

ಇನ್ನು ಚಿತ್ರಗಳ ಮಾತು. ಮದರಾಸಿನಲ್ಲಿ 1794ರಲ್ಲಿ ಆರಂಭವಾದ ಮೋಜಣಿ ಶಾಲೆಯಲ್ಲಿ ಕಲಿತ ಹುಡುಗರು ಅವರ ನಕ್ಷೆಗಾರರಾಗಿದ್ದರು. ಮೊದಲು ಸ್ಥಳದಲ್ಲಿಯೇ ಅಳತೆ ಹಿಡಿದು ಸೀಸದ ಕಡ್ಡಿಯಿಂದ ರೇಖೆ ಎಳೆಯುವುದು. ಬಳಿಕ ಜಲವರ್ಣ ಹಚ್ಚಿ ಅಚ್ಚುಕಟ್ಟಾದ ಪಟವನ್ನು ಸಿದ್ಧಪಡಿಸುವುದು. ಬೇಕಾದಲ್ಲಿ ಆ ಪಟವನ್ನು ನೋಡಿ ಕೈಯಿಂದಲೇ ಮತ್ತೊಂದು ಪ್ರತಿ ಬರೆಯುವುದು. ಪ್ರತಿ ಮಾಡುವ ಶ್ರಮದ ಬೆಲೆಯನ್ನು ತಿಳಿಯಬೇಕಾದರೆ ಆಂಧ್ರದ ಅಮರಾವತಿಯ ಬೌದ್ಧ ಸ್ತೂಪದ ಕಥೆಯನ್ನು ಕೇಳಬೇಕು. ಅಲ್ಲಿಯ ಶಿಲ್ಪಫಲಕಗಳು ಕಟ್ಟಡದ ಕಲ್ಲಾಗಿ, ಸುಣ್ಣದ ಭಟ್ಟಿಗೆ ಆಹುತಿಯಾಗಿ ಹೋಗುತ್ತಿದ್ದವು. ಮೆಕೆಂಜಿಯವರು 1816ರಿಂದ ಅವುಗಳನ್ನು ಬಿಡಿಬಿಡಿಯಾಗಿ ಬರೆಯಿಸಿದರು. ಪ್ರತಿಗಳು ಕಲಕತ್ತೆ, ಮದರಾಸು, ಲಂಡನ್ನುಗಳಿಗೆ ಸೇರಿದವು. ಇಂದು ಕಲ್ಲು ಇಲ್ಲದಿದ್ದರೂ ಪಟವಿದೆ. ಪಾಳುಬಿದ್ದು ಕಲ್ಲು ಕಲ್ಲಾಗಿ ಚದುರಿಹೋದ ಬಸದಿಗಳನ್ನು ಕಂಡ ನಮ್ಮ ಸೀಮೆಯ ಜನಕ್ಕೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

1815ರಲ್ಲಿ ಮೆಕೆಂಜಿಯವರು ಇಡೀ ಭಾರತದ ಪ್ರಥಮ ಸರ್ವೇಯರ್ ಜನರಲ್ ಆಗಿ ನೇಮಕಗೊಂಡರು. ಮರುವರ್ಷ ಥಾಮಸ್ ಹಿಕಿ ಎಂಬ ಚಿತ್ರಕಾರನು ಅವರ ತೈಲವರ್ಣಚಿತ್ರವನ್ನು ಬರೆದನು. ಕೆಂಪು ಸಮವಸ್ತ್ರದಲ್ಲಿ ನಿಂತ ಅವರ ಸುತ್ತ ಮೂವರು ಭಾರತೀಯ ಸಹಾಯಕರಿದ್ದಾರೆ. ಅವರಲ್ಲೊಬ್ಬರು ಧರ್ಮಯ್ಯ ಪಂಡಿತರೆಂದು ವಿದ್ವಾಂಸರು ಗುರುತಿಸಿದ್ದಾರೆ. ಹಿನ್ನೆಲೆಯಲ್ಲಿ ದೂರದ ಬೆಟ್ಟದ ಮೇಲೆ ಕಾಣುವುದು 1432ರಲ್ಲಿ ಪ್ರತಿಷ್ಠೆಗೊಂಡ ಕಾರ್ಕಳದ ಗೊಮ್ಮಟೇಶ್ವರ. ಹೀಗೆ ಕಂಪನಿಯ ಅಧಿಕಾರಿಯ ಪಟದೊಳಕ್ಕೆ ದಿಗಂಬರ ಸ್ವಾಮಿಯ ಆಗಮನವಾಯಿತು.

1817ರಲ್ಲಿ ಕಲಕತ್ತೆಗೆ ಹೋದಾಗ ದಕ್ಷಿಣದ ಕೆಲವು ಸಹಾಯಕರನ್ನು ಅವರು ಜೊತೆಯಲ್ಲಿ ಕರೆದೊಯ್ದರು. ಸಂಗ್ರಹವನ್ನು ಕ್ರಮಪಡಿಸುವ ಕೆಲಸ ಮುಗಿಯಲಿಲ್ಲ. 1821ರ ಮೇ 8ರಂದು ಅವರು ತೀರಿಕೊಂಡರು. ಮಿತ್ರ ಅಲೆಕ್ಸಾಂಡರ್ ಜಾನ್ಸ್ಟನ್ ಹೇಳಿದ ಪ್ರಕಾರ ಅವರು ವೆಚ್ಚ ಮಾಡಿದ್ದ ಸ್ವಂತ ಹಣ ಹದಿನೈದು ಸಾವಿರ ಪೌಂಡಿಗೂ ಮೇಲೆ. ಕಂಪನಿಯು ಅವರ ಪತ್ನಿಗೆ ಕೊಟ್ಟುದು ಹತ್ತು ಸಾವಿರ. ವ್ಯಾಪಾರದ ಲೆಕ್ಕದಲ್ಲಿ ಇದು ನಷ್ಟವೇ ಸರಿ. 1828ರಲ್ಲಿ ವಿಲ್ಸನ್ ಪಂಡಿತರು ಪಟ್ಟಿ ಮಾಡಿದಾಗ ಆ ಸಂಗ್ರಹದಲ್ಲಿ 1,568 ಗ್ರಂಥಗಳು, 8,076 ಶಾಸನಗಳು, 2,630 ಚಿತ್ರಗಳು ಇದ್ದವು. ಓಲೆಗಳಲ್ಲಿ ಬಹುಭಾಗ ಮದರಾಸಿಗೆ ಮರಳಿತು. ಗೊಮ್ಮಟನಿರುವ ಆ ತೈಲಚಿತ್ರವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಸಂಗ್ರಹದಲ್ಲಿದೆ. ಧರ್ಮಯ್ಯ ಪಂಡಿತರೂ ಅದರಲ್ಲಿ ಮೆಕೆಂಜಿಯವರ ಪಕ್ಕದಲ್ಲಿಯೇ ನಿಂತಿದ್ದಾರೆ.