ರಾಷ್ಟ್ರನಾಯಕ ಎಸ್. ನಿಜಲಿಂಗಪ್ಪನವರು ಮತ್ತು ರಾಷ್ಟ್ರಪತಿ ಪದವಿಯ ಅರ್ಹತೆ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶೂನ್ಯಸಿಂಹಾಸನವನ್ನು ಏರಿದವರು ರಾಜ್ಯದ ಅಧಿಕಾರವನ್ನು ಕೈಯಲ್ಲಿ ಹಿಡಿದಿದ್ದ ಬಸವಣ್ಣನವರಲ್ಲ, ಏನನ್ನೂ ಬಯಸದೆ ಬಂದ ಅಲ್ಲಮಪ್ರಭುಗಳು ಎಂಬ ನೆನಪನ್ನು ಶರಣ ಪರಂಪರೆಯು ಉಳಿಸಿಕೊಂಡು ಬಂದಿದೆ. ಹಿರಿಯ ಪೀಠಕ್ಕೆ ಎಂಥವರು ತಕ್ಕವರು ಎಂಬ ಪ್ರಶ್ನೆ ಈ ನಾಡಿಗೆ ಹೊಸತಲ್ಲ. ಆ ಪ್ರಶ್ನೆಯು ೧೯೬೯ರಲ್ಲಿ ಭಾರತದ ರಾಷ್ಟ್ರಪತಿ ಪದವಿಯನ್ನು ಕುರಿತು ಎದ್ದು, ದೇಶದ ಅತಿ ದೊಡ್ಡ ರಾಜಕೀಯ ಪಕ್ಷವನ್ನೇ ಎರಡು ಹೋಳಾಗಿಸಿತು. ಆಗ ಆ ಪಕ್ಷದ ಅಧ್ಯಕ್ಷಸ್ಥಾನದಲ್ಲಿದ್ದವರು ಕನ್ನಡಿಗರಾದ ಎಸ್. ನಿಜಲಿಂಗಪ್ಪನವರು. ಅವರ ಬಾಳಿನ ಅತ್ಯಂತ ಕಠಿಣವಾದ ಪರೀಕ್ಷೆ ಅದೇ ಆಯಿತು.

ಸಿದ್ದವನಹಳ್ಳಿ ನಿಜಲಿಂಗಪ್ಪನವರು ಜನಿಸಿದ್ದು ೧೯೦೨ನೆಯ ಇಸವಿ ಡಿಸೆಂಬರ್ ೧೦ರಂದು, ಅಂದಿನ ಮದರಾಸು ಆಧಿಪತ್ಯಕ್ಕೆ ಸೇರಿದ ಬಳ್ಳಾರಿ ಜಿಲ್ಲೆಯ ಹಲುವಾಗಲು ಗ್ರಾಮದಲ್ಲಿ. ಬಾಲ್ಯದಲ್ಲಿಯೇ ಪಿತೃವಿಯೋಗ ಪ್ರಾಪ್ತವಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ೧೯೨೪ರಲ್ಲಿ ಪದವಿಯನ್ನೂ, ಪುಣೆಯಲ್ಲಿ ೧೯೨೬ರಲ್ಲಿ ಕಾನೂನು ಪದವಿಯನ್ನೂ ಪಡೆದು ಚಿತ್ರದುರ್ಗದಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡರು. ಡಾ. ನಾ. ಸು. ಹರ್ಡೀಕರರ ಪ್ರಭಾವದಿಂದ ಕಾಂಗ್ರೆಸ್ಸಿಗೆ ಬಂದರು. ೧೯೩೮ರ ಏಪ್ರಿಲ್‌ನಲ್ಲಿ ಅಂದಿನ ಕೋಲಾರ ಜಿಲ್ಲೆಯ ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಸತ್ಯಾಗ್ರಹಿಗಳು ಬಲಿಯಾದ ಮೇಲೆ ಮೈಸೂರು ಸಂಸ್ಥಾನದ ಚಳವಳಿಯು ತೀವ್ರವಾಯಿತು. ೧೯೩೯ರಲ್ಲಿ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿಯುವ ಸತ್ಯಾಗ್ರಹದಲ್ಲಿ ನಿಜಲಿಂಗಪ್ಪನವರು ಸೆರೆಮನೆಯನ್ನು ಕಂಡರು. ಮುಂದೆ ಸಂವಿಧಾನ ರಚನಾ ಸಭೆಯ ಸದಸ್ಯರಾದರು.

ಸ್ವಾತಂತ್ರ್ಯಾನಂತರ ಮೈಸೂರಿನ ಪ್ರಥಮ ಮುಖ್ಯಮಂತ್ರಿ ಪದವಿಯು ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ. ಸಿ. ರೆಡ್ಡಿಯವರಿಗೆ ಸಂದಿತು. ೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದುಗೂಡಿದಾಗ ಅದರ ಮೊದಲ ಮುಖ್ಯಮಂತ್ರಿಯಾಗುವ ಭಾಗ್ಯವು ಏಕೀಕರಣಕ್ಕಾಗಿ ದುಡಿದ ನಿಜಲಿಂಗಪ್ಪನವರದಾಯಿತು. ೧೯೫೮ರಲ್ಲಿ ಪಕ್ಷದೊಳಗಿನ ಭಿನ್ನಮತದಿಂದಾಗಿ ಅವರು ಸ್ಥಾನವನ್ನು ತೊರೆದಾಗ ಬಿ. ಡಿ. ಜತ್ತಿಯವರು ಮುಖ್ಯಮಂತ್ರಿಗಳಾದರು. ೧೯೬೨ರ ಚುನಾವಣೆಯಲ್ಲಿ ಹೊಸದುರ್ಗದಲ್ಲಿ ಸೋಲುಂಡ ನಿಜಲಿಂಗಪ್ಪನವರು, ಬಾಗಲಕೋಟೆಯಿಂದ ವಿಧಾನಸಭೆಗೆ ಬಂದು ಅದೇ ವರ್ಷ ಮತ್ತೆ ಮುಖ್ಯಮಂತ್ರಿಗಳಾಗಿ ೧೯೬೮ರವರೆಗೆ ಆಡಳಿತ ನಡೆಸಿದರು. ಶರಾವತಿಯ ವಿದ್ಯುತ್ತು ನಾಡಿಗೆ ಹರಿದದ್ದು ಆ ಕಾಲದಲ್ಲಿ. ೧೯೬೮ರಲ್ಲಿ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ, ರಾಜ್ಯದ ಹೊಣೆಯನ್ನು ವೀರೇಂದ್ರ ಪಾಟೀಲರಿಗೆ ಒಪ್ಪಿಸಿದರು.

೧೯೬೯ರ ಮೇ ೩ರಂದು ರಾಷ್ಟ್ರಪತಿ ಡಾ. ಜಾಕಿರ್ ಹುಸೇನರು ಅಧಿಕಾರದಲ್ಲಿರುವಾಗಲೇ ನಿಧನರಾದರು. ಉಪರಾಷ್ಟ್ರಪತಿ ವಿ. ವಿ. ಗಿರಿಯವರು ಹಂಗಾಮಿಯಾಗಿ ಆ ಸ್ಥಾನವನ್ನು ನಿರ್ವಹಿಸತೊಡಗಿದರು. ಜುಲೈ ತಿಂಗಳಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಮಹಾಸಮಿತಿಯ ಅಧಿವೇಶನವು ಸೇರಿದಾಗ, ಹುರಿಯಾಳನ್ನು ಆರಿಸುವ ಭಾರವು ಪಕ್ಷದ ಪಾರ್ಲಿಮೆಂಟರಿ ಮಂಡಳಿಯ ಮೇಲೆ ಬಿದ್ದಿತು.

ಸಂವಿಧಾನದ ೫೮ನೆಯ ಅನುಚ್ಛೇದವು ರಾಷ್ಟ್ರಪತಿಗೆ ವಿಧಿಸಿರುವ ಅರ್ಹತೆಗಳು ಅತ್ಯಲ್ಪ: ಭಾರತದ ಪ್ರಜೆಯಾಗಿರಬೇಕು, ೩೫ ವರ್ಷ ತುಂಬಿರಬೇಕು, ಲೋಕಸಭೆಗೆ ಚುನಾಯಿತನಾಗಲು ಅರ್ಹನಾಗಿರಬೇಕು, ಸರ್ಕಾರದ ಲಾಭದಾಯಕ ಹುದ್ದೆಯಲ್ಲಿರಬಾರದು. ಶೀಲ, ಅನುಭವ, ನಿಷ್ಪಕ್ಷಪಾತಗಳನ್ನು ತೂಗುವ ಕಾರ್ಯವನ್ನು ಸಂವಿಧಾನವು ಮತದಾರರ ವಿವೇಕಕ್ಕೆ ಬಿಟ್ಟಿದೆ. ಆ ತೂಕದಲ್ಲಿಯೇ ಮಂಡಳಿಯು ಭಿನ್ನವಾಯಿತು. ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರು ಜಗಜೀವನರಾಮರ ಹೆಸರನ್ನು ಮುಂದಿಟ್ಟರು. ಮಹಾತ್ಮರ ಜನ್ಮಶತಾಬ್ದಿಯ ವರ್ಷದಲ್ಲಿ ಹರಿಜನ ನಾಯಕರೊಬ್ಬರು ರಾಷ್ಟ್ರದ ಪ್ರಥಮ ಪ್ರಜೆಯಾಗುವುದು ಉಚಿತವೆಂಬ ವಾದಕ್ಕೆ ನೈತಿಕ ಬಲವಿತ್ತು. ಪಕ್ಷದ ಹಿರಿಯರ ಒಲವು ಲೋಕಸಭಾಧ್ಯಕ್ಷ ನೀಲಂ ಸಂಜೀವರೆಡ್ಡಿಯವರ ಕಡೆಗಿತ್ತು. ಬಹುಮತವು ರೆಡ್ಡಿಯವರನ್ನು ಆರಿಸಿತು.

ಸಂಜೀವರೆಡ್ಡಿಯವರು ಕೋಲಾರದ ಜನತೆಗೆ ದೂರದವರಾಗಿರಲಿಲ್ಲ. ಅವರು ೧೯೬೭ರಲ್ಲಿ ಲೋಕಸಭೆಗೆ ಆಯ್ಕೆಯಾದ ಹಿಂದೂಪುರವು, ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರಿನ ನೆರೆಯ ಊರು. ಕನ್ನಡ ತೆಲುಗುಗಳೆರಡೂ ಮನೆಮಾತಾಗಿರುವ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಅವರ ಹೆಸರನ್ನು ಅರಿಯದವರು ವಿರಳ. ನಿಜಲಿಂಗಪ್ಪನವರು ವಿಶಾಲ ಮೈಸೂರಿನ ಮುಖ್ಯಮಂತ್ರಿಗಳಾದ ದಿನದಂದೇ ರೆಡ್ಡಿಯವರು ಆಂಧ್ರಪ್ರದೇಶದ ಪ್ರಥಮ ಮುಖ್ಯಮಂತ್ರಿಗಳಾಗಿದ್ದರು. ಪ್ರತಿಸ್ಪರ್ಧಿಯಾಗಿ ಸ್ವತಂತ್ರವಾಗಿ ನಿಂತ ಗಿರಿಯವರೂ ಅಪರಿಚಿತರಲ್ಲ. ೧೯೬೫ರಿಂದ ೧೯೬೭ರವರೆಗೆ ಅವರು ಮೈಸೂರಿನ ರಾಜ್ಯಪಾಲರಾಗಿದ್ದಾಗ ಮುಖ್ಯಮಂತ್ರಿಗಳಾಗಿದ್ದವರು ನಿಜಲಿಂಗಪ್ಪನವರೇ. ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ಬೆಂಬಲದಿಂದ ಸಿ. ಡಿ. ದೇಶಮುಖರು ಕಣಕ್ಕಿಳಿದರು.

ಈ ಮೂವರಲ್ಲಿ ಅಯೋಗ್ಯರೆಂದು ತಳ್ಳಿಹಾಕಬಹುದಾದವರು ಒಬ್ಬರೂ ಇರಲಿಲ್ಲವೆಂಬುದು ಗಮನಾರ್ಹ. ಮೂವರೂ ತತ್ತ್ವಕ್ಕಾಗಿ ಏನನ್ನಾದರೂ ಬಿಟ್ಟುಕೊಟ್ಟವರು. ಬ್ಯಾಂಕು ನೌಕರರ ತೀರ್ಪಿನ ವಿಷಯದಲ್ಲಿ ಸರ್ಕಾರದೊಡನೆ ಒಮ್ಮತವಾಗದೆ ಗಿರಿಯವರು ೧೯೫೪ರಲ್ಲಿ ಕೇಂದ್ರದ ಕಾರ್ಮಿಕ ಸಚಿವ ಪದವಿಯನ್ನು ತ್ಯಜಿಸಿದ್ದರು. ಮುಂಬಯಿ ನಗರದ ಭವಿಷ್ಯವನ್ನು ಕುರಿತ ಭಿನ್ನಾಭಿಪ್ರಾಯದಿಂದ ದೇಶಮುಖರು ೧೯೫೬ರಲ್ಲಿ ಅರ್ಥಸಚಿವ ಪದವಿಯನ್ನು ಬಿಟ್ಟಿದ್ದರು. ಸಂಜೀವರೆಡ್ಡಿಯವರು ಸಭಾಧ್ಯಕ್ಷರಾದೊಡನೆ, ಆ ಪೀಠದ ನಿಷ್ಪಕ್ಷಪಾತಕ್ಕೆ ಕುಂದುಬರಬಾರದೆಂದು ಕಾಂಗ್ರೆಸ್ಸಿನ ಸದಸ್ಯತ್ವಕ್ಕೇ ರಾಜೀನಾಮೆ ಇತ್ತಿದ್ದರು. ರಾಷ್ಟ್ರಪತಿಯ ಪೀಠಕ್ಕೆ ಇದಕ್ಕಿಂತ ಮಿಗಿಲಾದ ಸಿದ್ಧತೆ ಯಾವುದಿದ್ದೀತು?

ಆದರೆ ಆ ಬೇಸಿಗೆಯಲ್ಲಿ ಗುಣಗಳ ಚರ್ಚೆಗೆ ಎಡೆಯೇ ದೊರೆಯಲಿಲ್ಲ. ಹುರಿಯಾಳು ಎಂಥವನೆಂಬ ಪ್ರಶ್ನೆ ಹಿಂದೆ ಸರಿದು, ಅವನು ಯಾರ ಕಡೆಯವನೆಂಬ ಪ್ರಶ್ನೆ ಮುಂದೆ ಬಂದಿತು. ಹಿರಿಯರು ಪ್ರಧಾನಿಯನ್ನು ಹದ್ದಿನಲ್ಲಿಡಲು ರಾಷ್ಟ್ರಪತಿಯನ್ನು ಹುಡುಕುತ್ತಿದ್ದಾರೆಂದು ಒಂದು ಪಕ್ಷವೂ, ಪ್ರಧಾನಿಯವರು ತಮ್ಮ ಮಾತಿಗೆ ಒಪ್ಪುವವರನ್ನು ಹುಡುಕುತ್ತಿದ್ದಾರೆಂದು ಇನ್ನೊಂದು ಪಕ್ಷವೂ ಶಂಕಿಸಿದವು. ಮುರಾರ್ಜಿ ದೇಸಾಯಿಯವರಿಂದ ಅರ್ಥಖಾತೆಯನ್ನು ಹಿಂತೆಗೆದುಕೊಳ್ಳಲಾಯಿತು. ಜುಲೈ ೧೯ರಂದು ೧೪ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಮಾಡಿದ್ದ ಪ್ರಧಾನಿಯವರೇ ಅವರ ಪರವಾಗಿ ಆದೇಶ ಹೊರಡಿಸಲು ಒಪ್ಪಲಿಲ್ಲ.

ಇಲ್ಲಿ ನಿಜಲಿಂಗಪ್ಪನವರ ನಿಲುವನ್ನು ಸಮತೂಕದಿಂದ ಕಾಣಬೇಕು. ಸಮಿತಿಯು ಸೇರಿ ಮಾಡಿದ ತೀರ್ಮಾನಕ್ಕೆ ಎಲ್ಲರೂ ಬದ್ಧರಾಗಬೇಕು, ಪ್ರಧಾನಿಯೂ ಅದಕ್ಕೆ ಹೊರತಲ್ಲ ಎಂಬುದು ಅವರ ದೃಢವಾದ ನಂಬಿಕೆ. ಸಂಸ್ಥೆಯ ಬಾಳಿಗೆ ಅದು ಆಧಾರವಾದ ತತ್ತ್ವ. ಆದರೆ ರೆಡ್ಡಿಯವರಿಗೆ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಕೇಳಲು ಜನಸಂಘ ಹಾಗೂ ಸ್ವತಂತ್ರ ಪಕ್ಷಗಳ ನಾಯಕರೊಡನೆ ಅವರು ನಡೆಸಿದ ಮಾತುಕತೆಯು ಎದುರಾಳಿಗಳಿಗೆ ಅಸ್ತ್ರವಾಯಿತು. ಎಲ್ಲರ ರಾಷ್ಟ್ರಪತಿಗಾಗಿ ಎಲ್ಲರನ್ನೂ ಕೇಳುವುದು ತಪ್ಪಲ್ಲ. ಆದರೆ ಮೊದಲು ಮನೆಯೊಳಗಿನವರ ವಿಶ್ವಾಸವನ್ನು ಗಳಿಸದೆ ಹೊರಗಿನವರನ್ನು ಕೇಳಿದ್ದು ಸಂಶಯಕ್ಕೆ ದಾರಿಮಾಡಿತು. ಆತ್ಮಸಾಕ್ಷಿಯಂತೆ ಮತ ನೀಡುವ ಸ್ವಾತಂತ್ರ್ಯ ಬೇಕೆಂಬ ಕೂಗು ಎದ್ದಿತು.

ಆಗಸ್ಟ್ ೧೬ರಂದು ಮತದಾನವಾಯಿತು. ೧೯೬೧ರ ಜನಗಣತಿಯಂತೆ ಮೈಸೂರಿನ ಪ್ರತಿಯೊಬ್ಬ ಶಾಸಕನ ಮತದ ಬೆಲೆ ೧೦೯, ಸಂಸತ್ಸದಸ್ಯನದು ೫೭೬. ಕೋಲಾರ ಜಿಲ್ಲೆಯ ಮತದಾರರು ಆರಿಸಿ ಕಳುಹಿಸಿದ್ದ ಶಾಸಕರೂ ಹೀಗೆ ರಾಷ್ಟ್ರದ ಈ ನಿರ್ಣಯದಲ್ಲಿ ಭಾಗಿಗಳು. ಆಗಸ್ಟ್ ೨೦ರ ಎಣಿಕೆಯಲ್ಲಿ ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ ೪,೦೧,೫೧೫, ರೆಡ್ಡಿಯವರಿಗೆ ೩,೧೩,೫೪೮, ದೇಶಮುಖರಿಗೆ ೧,೧೨,೭೬೯ ಮತಮೌಲ್ಯ ದೊರೆಯಿತು. ಗೆಲುವಿಗೆ ಬೇಕಾದದ್ದು ೪,೧೮,೧೬೯. ಎರಡನೆಯ ಪ್ರಾಶಸ್ತ್ಯವನ್ನು ಎಣಿಸಿದ ಬಳಿಕ ಗಿರಿಯವರು ೪,೨೦,೦೭೭, ರೆಡ್ಡಿಯವರು ೪,೦೫,೪೨೭ ಪಡೆದು, ಪಕ್ಷದ ಅಧಿಕೃತ ಹುರಿಯಾಳು ಪರಾಭವಗೊಂಡರು. ರೆಡ್ಡಿಯವರ ಶೀಲವನ್ನು ಹಳಿಯುವ ಹೆಸರಿಲ್ಲದ ಕರಪತ್ರವೊಂದನ್ನು ಹಂಚಿದ ವಿಷಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ೧೯೭೦ರಲ್ಲಿ ಗಿರಿಯವರು ರಾಷ್ಟ್ರಪತಿಯಾಗಿದ್ದುಕೊಂಡೇ ಖುದ್ದಾಗಿ ಬಂದು ಸಾಕ್ಷ್ಯ ನುಡಿದರು. ತಕರಾರು ಅರ್ಜಿಗಳು ವಜಾ ಆದವು.

ಮುಂದಿನದು ಸರ್ವವಿದಿತ. ೧೯೬೯ರ ನವೆಂಬರ್ ೧೨ರಂದು ಶ್ರೀಮತಿ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು, ಕಾಂಗ್ರೆಸ್ ಒಡೆಯಿತು. ೧೯೭೧ರ ಲೋಕಸಭಾ ಚುನಾವಣೆಯಲ್ಲಿ ನಿಜಲಿಂಗಪ್ಪನವರ ಬಣಕ್ಕೆ ದೇಶದಲ್ಲಿ ದೊರೆತದ್ದು ೧೬ ಸ್ಥಾನಗಳು. ಅವರ ಸ್ವಂತ ರಾಜ್ಯದ ೨೭ ಸ್ಥಾನಗಳೂ ಎದುರು ಪಕ್ಷದ ಪಾಲಾದವು. ಮೂರು ದಶಕಗಳ ಕಾಲ ಕಟ್ಟಿದ ರಾಜಕೀಯ ಜೀವನವು ಒಂದು ಹುರಿಯಾಳಿನ ಆಯ್ಕೆಯಿಂದ ಅಸ್ತಮಿಸಿತು. ಅವರು ಕ್ರಮೇಣ ಸಕ್ರಿಯ ರಾಜಕೀಯದಿಂದ ದೂರ ಸರಿದು ಚಿತ್ರದುರ್ಗದಲ್ಲಿ ಸರಳವಾಗಿ ಬಾಳಿದರು.

ಕಾಲಚಕ್ರವು ಮತ್ತೆ ಉರುಳಿತು. ೧೯೭೭ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ನಿಧನರಾದಾಗ ಉಪರಾಷ್ಟ್ರಪತಿ ಬಿ. ಡಿ. ಜತ್ತಿಯವರು ಆ ಹೊಣೆಯನ್ನು ಹೊತ್ತರು. ಅವರಿಂದ ಜುಲೈ ೨೫ರಂದು ಅಧಿಕಾರವನ್ನು ವಹಿಸಿಕೊಂಡವರು ಅದೇ ಸಂಜೀವರೆಡ್ಡಿಯವರು, ಅದೂ ಅವಿರೋಧವಾಗಿ. ವ್ಯಕ್ತಿ ಅವರೇ, ಗುಣಗಳೂ ಅವೇ. ೧೯೬೯ರಲ್ಲಿ ಇಲ್ಲದ್ದು, ೧೯೭೭ರಲ್ಲಿ ಇದ್ದದ್ದು ಎಲ್ಲ ಪಕ್ಷಗಳ ವಿಶ್ವಾಸವೊಂದೇ. ಆದರೂ ೧೯೭೯ರಲ್ಲಿ ಲೋಕಸಭೆಯನ್ನು ವಿಸರ್ಜಿಸಿದ ಅವರ ನಿರ್ಣಯವು ತೀವ್ರ ಟೀಕೆಗೆ ಗುರಿಯಾಯಿತು. ಆಯ್ಕೆಯ ದಿನದ ಸರ್ವಾನುಮತವು ಅಧಿಕಾರದ ದಿನಗಳಿಗೆ ರಕ್ಷಾಕವಚವಾಗದು.

ನಿಜಲಿಂಗಪ್ಪನವರು ೨೦೦೦ನೆಯ ಇಸವಿಯ ಆಗಸ್ಟ್‌ನಲ್ಲಿ, ತೊಂಬತ್ತೇಳು ವರ್ಷಗಳ ತುಂಬು ಬಾಳನ್ನು ಮುಗಿಸಿ ಲಿಂಗೈಕ್ಯರಾದರು. ಅವರ ಜೀವನವು ಶಿಕ್ಷಕರಿಗೂ, ಸಂಸ್ಥೆಗಳನ್ನು ಪೋಷಿಸುವ ದಾನಿಗಳಿಗೂ ಬಿಟ್ಟುಹೋದ ಪಾಠವು ದೆಹಲಿಗೆ ಮಾತ್ರ ಸಲ್ಲತಕ್ಕದ್ದಲ್ಲ. ಗ್ರಾಮದ ಪಂಚಾಯಿತಿಯಾಗಲಿ, ಶಾಲೆಯ ಆಡಳಿತ ಮಂಡಳಿಯಾಗಲಿ, ಹಿರಿಯ ಸ್ಥಾನಕ್ಕೆ ಒಬ್ಬರನ್ನು ಆರಿಸುವಾಗ ಅವರು ಹಿಂದೆ ಹೊಂದಿದ್ದ ಸ್ಥಾನದಲ್ಲಿ ಹೇಗೆ ನಡೆದುಕೊಂಡರು, ಕರ್ತವ್ಯಕ್ಕಾಗಿ ಏನನ್ನು ಬಿಟ್ಟುಕೊಟ್ಟರು ಎಂಬುದನ್ನು ಮೊದಲು ನೋಡಬೇಕು. ತಮಗೆ ಮತ ನೀಡದವರೂ ನೆಚ್ಚುವಂಥವರೇ ಅವರು ಎಂಬುದನ್ನು ಆಮೇಲೆ ಕೇಳಬೇಕು. ಈ ಕೊನೆಯ ಪ್ರಶ್ನೆಗೆ ಉತ್ತರವು ಹುರಿಯಾಳಿನ ಶೀಲದಲ್ಲಿ ಮಾತ್ರವಲ್ಲ, ಆರಿಸುವವರ ಮನಸ್ಸಿನ ಶುದ್ಧಿಯಲ್ಲಿಯೂ ಇದೆ. ಬಣಗಳ ಕಾದಾಟಕ್ಕೆ ಆಯುಧವಾಗಿ ಆರಿಸಲ್ಪಟ್ಟಾಗ ಯೋಗ್ಯನಾದವನೂ ಸೋಲುತ್ತಾನೆ, ಆರಿಸಿದವರೂ ಸೋಲುತ್ತಾರೆ. ಇದಕ್ಕೆ ತೆತ್ತ ಬೆಲೆ ನಿಜಲಿಂಗಪ್ಪನವರದಾದರೂ ಅದರಿಂದ ದೊರೆತ ಅರಿವು ಸಮಸ್ತ ಸಮಾಜದ್ದು.