ಗಾನಯೋಗಿ ಪಂಚಾಕ್ಷರಿ ಗವಾಯಿಗಳು

ಬೈಕುಲ್ಲಾ ಸ್ಟೇಶನ್ನಿನಿಂದ ದಿನವೂ ಲೋಕಲ್ ಗಾಡಿ ಹಿಡಿಯುವ ನಮ್ಮವರಿಗೆ ಈ ದೃಶ್ಯ ಹೊಸದಲ್ಲ. ಡಬ್ಬಿಯ ಒಂದು ತುದಿಯಿಂದ ಹಾಡು ಕೇಳಿಬರುತ್ತದೆ. ಕಣ್ಣು ಕಾಣದ ಒಬ್ಬಾತ ಒಂದು ಕೈಯಿಂದ ಕಂಬ ಹಿಡಿಯುತ್ತ, ಇನ್ನೊಂದು ಕೈಯಲ್ಲಿ ಡಬ್ಬಿ ಕುಲುಕಿಸುತ್ತ ಜನರ ನಡುವೆ ದಾರಿ ಮಾಡಿಕೊಂಡು ಬರುತ್ತಾನೆ. ನಾವು ಜೇಬು ತಡಕಿ ಒಂದು ನಾಣ್ಯ ಹಾಕಿ ಮತ್ತೆ ಪತ್ರಿಕೆಯಲ್ಲೋ ಮೊಬೈಲಿನಲ್ಲೋ ಮುಖ ಹುದುಗಿಸುತ್ತೇವೆ. ಅವನ ದನಿ ಸುರದಲ್ಲಿ ನಿಂತಿತ್ತೇ, ಹಾಡು ಚೆನ್ನಾಗಿತ್ತೇ ಎಂದು ಕೇಳುವವರಿಲ್ಲ. ಕಾಸು ಬಿದ್ದದ್ದು ಅವನ ಕುರುಡಿಗೆ. ಹಾಡಿಗೆ ಬೆಲೆ ಕಟ್ಟುವ ಗೋಜಿಗೇ ನಾವು ಹೋಗಲಿಲ್ಲ. ಈ ಮಾತನ್ನು ನನ್ನನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ.

ರಾಜ್ಯೋತ್ಸವದ ಶುಭ ಸಂದರ್ಭದಲ್ಲಿ ನಾಡಿನ ಹಿರಿಯರನ್ನು ಸ್ಮರಿಸುವುದು ನಮ್ಮ ವಾಡಿಕೆ. ಕುರುಡನ ಹಾಡನ್ನು ಭಿಕ್ಷೆಯ ಜೋಳಿಗೆಯಿಂದ ಬಿಡಿಸಿ ವಿದ್ಯೆಯ ಪೀಠದಲ್ಲಿ ಕೂಡಿಸಿದ ಗದುಗಿನ ಪಂಚಾಕ್ಷರಿ ಗವಾಯಿಗಳ ಚರಿತ್ರೆಯನ್ನು ಈ ಸಲ ವಾಚಕರ ಮುಂದಿಡಬೇಕೆನಿಸಿತು. ಅವರ ಹೆಸರು ಕೇಳದ ಕನ್ನಡಿಗರು ವಿರಳ. ಆದರೆ ಹೆಸರಿಗೆ ಕೈಮುಗಿಯುವವರಲ್ಲಿ ಅವರು ಮಾಡಿದ ಕೆಲಸವೇನೆಂಬುದನ್ನು ಬಲ್ಲವರು ಅಷ್ಟಿಲ್ಲ.

ಧಾರವಾಡ ಜಿಲ್ಲೆಯ (ಈಗ ಹಾವೇರಿ ಜಿಲ್ಲೆ) ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ೧೮೯೨ನೆಯ ಇಸವಿ ಫೆಬ್ರುವರಿ ೨ರಂದು ಅವರ ಜನನ. ತಂದೆ ಗುರುಪಾದಯ್ಯನವರು, ತಾಯಿ ನೀಲಮ್ಮ. ಮನೆಯವರು ಇಟ್ಟ ಹೆಸರು ಗದಿಗೆಯ್ಯ. ಮಗು ಹುಟ್ಟುಗುರುಡು, ಅದಕ್ಕೂ ಮೊದಲು ಹುಟ್ಟಿದ ಅಣ್ಣನಿಗೂ ದೃಷ್ಟಿಯಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಕಾಣದ ಮಕ್ಕಳು! ಊರವರು ಅಂಥ ತಾಯಿಯ ಮುಂದೆ ಪೂರ್ವಜನ್ಮದ ಮಾತು ತೆಗೆಯುವ ಕಾಲವದು. ಆ ಮಾತು ಇಂದಿಗೂ ನಿಂತಿಲ್ಲವೆಂಬುದು ಬೇರೆ ಸಂಗತಿ.

ಆಗ ಧಾರವಾಡ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿತ್ತು. ಆ ಹಳ್ಳಿಯ ಸರಕಾರವೆಂದರೆ ಈ ನಮ್ಮ ಮುಂಬಯಿಯೇ. ೧೯೦೦ರಲ್ಲಿ, ದೊಡ್ಡ ಬರಗಾಲದ ದಿನಗಳಲ್ಲಿ, ಅಮೆರಿಕನ್ ಮರಾಠಿ ಮಿಷನ್ನಿನ ಆನಾ ಮಿಲ್ಲರ್ಡ್ ಎಂಬ ಮಹಿಳೆ ಮುಂಬಯಿಯಲ್ಲಿ ಅಂಧ ಮಕ್ಕಳಿಗೆಂದು ಶಾಲೆ ತೆರೆದರು. ಆ ಮಿಷನ್ನಿನ ನೆಲೆ ಇದೇ ಬೈಕುಲ್ಲಾದಲ್ಲಿತ್ತು. ಮುಂದೆ ದಾದರಿನಲ್ಲಿ ಹೆಣ್ಣುಮಕ್ಕಳ ಅಂಧಶಾಲೆಯಾಗಿ ಬೆಳೆದದ್ದು ಅದೇ. ಮರುವರ್ಷ, ೧೯೦೧ರಲ್ಲಿ, ಮೈಸೂರಿನಲ್ಲಿ ಕಿವುಡ ಹಾಗೂ ಕುರುಡ ಮಕ್ಕಳ ಶಾಲೆ ಆರಂಭವಾಯಿತು. ಗದಿಗೆಯ್ಯನಿಗೆ ಆಗ ಎಂಟು ಒಂಬತ್ತು ವರ್ಷ; ಶಾಲೆಗೆ ಸೇರುವ ವಯಸ್ಸೇ ಸರಿ. ಆದರೆ ಹಾನಗಲ್ಲ ಸೀಮೆಯ ಬಡ ಅಯ್ಯನವರ ಮನೆಗೆ ಮುಂಬಯಿಯೂ ಮೈಸೂರೂ ಒಂದೇ ದೂರ. ಕಂತಿಭಿಕ್ಷೆಯ ಜೋಳಿಗೆಯೊಂದೇ ಅಂಥ ಹುಡುಗನ ಕಣ್ಮುಂದಿನ, ಅಲ್ಲ, ಕೈಗೆಟಕುವ ಆಸ್ತಿ.

ಆ ಅಣ್ಣತಮ್ಮಂದಿರಿಗೆ ದೇವರು ಕಂಠ ಕೊಟ್ಟಿದ್ದ. ಕೇಳಿದ ಪದವನ್ನು ಕೇಳಿದ ಹಾಗೆಯೇ ಹಾಡುತ್ತಿದ್ದರು. ಅವರ ಹಾಡು ಹಾನಗಲ್ಲ ಮಠದ ಕುಮಾರಸ್ವಾಮಿಗಳ (೧೮೬೭-೧೯೩೦) ಕಿವಿಗೆ ಬಿತ್ತು. ೧೯೦೪ರಲ್ಲಿ ವೀರಶೈವ ಮಹಾಸಭೆಯನ್ನೂ ೧೯೦೯ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರವನ್ನೂ ಕಟ್ಟಿದವರು ಅವರು. ಹುಡುಗರ ಕೈಗೆ ನಾಲ್ಕು ಕಾಸು ಹಾಕಿ, ತಲೆ ಸವರಿ ಕಳಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಹಾಗೆ ಮಾಡದೆ ಶಾಸ್ತ್ರೋಕ್ತವಾಗಿ ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಕಾಣದ ಹುಡುಗನ ಮೇಲೆ ವರ್ಷಗಟ್ಟಲೆ ಹಣ, ಗುರು, ಅನ್ನ ಎಲ್ಲವನ್ನೂ ಸುರಿಯುವುದು ಆ ಕಾಲದಲ್ಲಿ ಎಷ್ಟು ಜನರಿಗೆ ದುಂದೆಂದು ಕಂಡಿರಬೇಕು!

ಗದಿಗೆಯ್ಯ ಪಂಚಾಕ್ಷರಿಯಾದದ್ದು ಈ ಸ್ವಾಮಿಗಳ ಆಶ್ರಯದಲ್ಲಿ. ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದರು. ಬಳಿಕ ಮಿರಜದ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಸಂಗೀತ ಕಲಿತರು. ಮಲ್ಲಿಕಾರ್ಜುನ ಮನಸೂರರಿಗೂ ಇದೇ ನೀಲಕಂಠಬುವಾ ಗುರುಗಳು. ಎರಡೂ ಪದ್ಧತಿಗಳಲ್ಲಿ ಅಧಿಕಾರವಾಣಿಯಿಂದ ಹಾಡಬಲ್ಲವರು ಕಣ್ಣಿದ್ದವರಲ್ಲೇ ಅಪರೂಪ. ನಮ್ಮ ಸಂಗೀತವು ಮೂಲತಃ ಕಿವಿಯಿಂದ ಕಿವಿಗೆ ಸಾಗಿಬಂದ ವಿದ್ಯೆ. ಗುರು ಹಾಡುತ್ತಾನೆ, ಶಿಷ್ಯ ಕೇಳಿ ತಿರುಗಿ ಹಾಡುತ್ತಾನೆ. ತಪ್ಪಿದರೆ ಮತ್ತೆ ಹಾಡುತ್ತಾನೆ. ಪೇಟಿಯ ಮನೆಗಳ ಮೇಲೆ ಬೆರಳು ಹಿಡಿದು ಕೂಡಿಸಬಹುದು, ತಬಲಾದ ಮೇಲೆ ಕೈಮೇಲೆ ಕೈಯಿಟ್ಟು ಪೆಟ್ಟು ತೋರಿಸಬಹುದು. ಕಾಗದವಿಲ್ಲ, ಹಲಗೆಯಿಲ್ಲ. ಭಾರತೀಯ ಭಾಷೆಗಳಿಗೆಲ್ಲ ಒಂದೇ ಬಗೆಯ ಬ್ರೈಲ್ ಲಿಪಿ ರೂಪುಗೊಂಡದ್ದು ೧೯೫೧ರಲ್ಲಿ. ಅದಕ್ಕಿಂತ ಎಷ್ಟೋ ಮೊದಲೇ ಕಣ್ಣಿಲ್ಲದವನು ಕಣ್ಣಿದ್ದವನ ಸರಿಸಮಾನನಾಗಿ ಕುಳಿತು ಕಲಿಯಬಹುದಾದ ಶಾಲೆಯೊಂದು ನಮ್ಮಲ್ಲಿದ್ದರೆ ಅದು ಗುರುವಿನ ಎದುರಿನ ಜಮಖಾನೆ.

ಇಷ್ಟು ಕಲಿತ ಮೇಲೆ ಯಾವುದಾದರೂ ಸಂಸ್ಥಾನದ ಆಸ್ಥಾನದಲ್ಲೋ ದೊಡ್ಡ ಮಠದಲ್ಲೋ ನೆಮ್ಮದಿಯಾಗಿ ಇರಬಹುದಿತ್ತು. ತಮ್ಮಂಥ ಮಕ್ಕಳಿಗೆ ವಿದ್ಯೆ ಹೇಳುವುದೇ ಬಾಳಿನ ಕೆಲಸವೆಂದು ಅವರು ನಿಶ್ಚಯಿಸಿದರು, ಬ್ರಹ್ಮಚಾರಿಯಾಗಿಯೇ ಉಳಿದರು. ೧೯೧೪ರಲ್ಲಿ ಅಂಕುರಿಸಿದ ಅವರ ಸಂಗೀತ ಶಾಲೆಗೆ ಬಹುಕಾಲ ಸ್ಥಿರವಾದ ಮನೆಯಿರಲಿಲ್ಲ. ಗುರುವೂ ಮಕ್ಕಳೂ ವಾದ್ಯಗಳೊಂದಿಗೆ ಊರಿಂದೂರಿಗೆ ಹೋಗುವರು. ಆಶ್ರಯ ಸಿಕ್ಕಲ್ಲಿ ತಂಗುವರು, ಅಲ್ಲಿಯೇ ಪಾಠ. ಕೊನೆಗೆ ಗದುಗಿನಲ್ಲಿ ನೆಲೆ ಸಿಕ್ಕಿತು. ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಜಾಗ ದೊರೆತು ವೀರೇಶ್ವರ ಪುಣ್ಯಾಶ್ರಮ ಅಲ್ಲಿ ಬೇರೂರಿತು.

ಈ ಆಶ್ರಮದ ಒಂದು ಲಕ್ಷಣವನ್ನು ವಿಶೇಷವಾಗಿ ಗಮನಿಸಬೇಕು. ಅದು ಬರಿಯ ಕುರುಡರ ಶಾಲೆಯಾಗಲಿಲ್ಲ. ಅಂಧರು, ಅನಾಥರು, ಬಡವರು, ಕಣ್ಣಿದ್ದವರು, ಯಾವ ಜಾತಿಯವರೇ ಇರಲಿ, ಒಂದೇ ಪಂಕ್ತಿಯಲ್ಲಿ ಉಂಡು ಒಂದೇ ಶ್ರುತಿಗೆ ಹಾಡಿದರು. ಕುರುಡರಿಗೆ ಬೇರೆ ಮನೆ ಕಟ್ಟಿ ಅಲ್ಲಿ ಕೂಡಿಹಾಕಿ, ಹಬ್ಬಕ್ಕೊಮ್ಮೆ ಹೋಗಿ ಹಣ್ಣು ಹಂಚಿ ಭಾವಚಿತ್ರ ತೆಗೆಸಿಕೊಳ್ಳುವ ಸೇವೆ ಇಂದು ನಮಗೆ ಸುಪರಿಚಿತ. ಗವಾಯಿಗಳ ಅಂಗಳದಲ್ಲಿ ಇದು ತಿರುವುಮುರುವು: ಕಣ್ಣಿದ್ದ ಹುಡುಗ ಕಣ್ಣಿಲ್ಲದ ಗುರುವಿನ ಕಾಲಿಗೆರಗಿ ವಿದ್ಯೆ ಬೇಡುತ್ತಿದ್ದ.

ಇಷ್ಟು ಮಕ್ಕಳ ಹೊಟ್ಟೆ ತುಂಬಬೇಕಲ್ಲ! ಅದಕ್ಕಾಗಿ ಗವಾಯಿಗಳು ನಾಟಕ ಕಂಪನಿ ಕಟ್ಟಿದರು. ಕಂಪನಿ ನಾಟಕವೆಂದರೆ ಬಣ್ಣ, ಜರಿಯ ಪೋಷಾಕು, ಕಿರೀಟ, ಭುಜಕೀರ್ತಿ, ಚಿತ್ರದ ಪರದೆ. ಅಪ್ಪಟ ಕಣ್ಣಿನ ಲೋಕ. ಅಂದಿನ ಉಡುಗೆತೊಡುಗೆಯ ಶೋಕಿಯೂ ನಾಟಕದವರನ್ನು ನೋಡಿಯೇ ಊರೊಳಗೆ ಬರುತ್ತಿತ್ತು. ಅಂಥ ಲೋಕದ ಯಜಮಾನಿಕೆಗೆ ಕಣ್ಣಿಲ್ಲದವರೊಬ್ಬರು ಕುಳಿತರು. ಟಿಕೀಟು ಕೊಂಡು ಬಂದ ಪ್ರೇಕ್ಷಕ ಯಾರಿಗೂ ದಾನ ಮಾಡುತ್ತಿರಲಿಲ್ಲ. ಆಟ ಚೆನ್ನಾಗಿದ್ದರೆ ಚಪ್ಪಾಳೆ ತಟ್ಟುವನು, ಕೆಟ್ಟರೆ ಎದ್ದು ಹೋಗುವನು. ಆ ಎದ್ದು ಹೋಗುವ ಪ್ರೇಕ್ಷಕನೂ ಒಂದು ಮರ್ಯಾದೆಯನ್ನೇ ಕೊಟ್ಟನೆಂದು ನನ್ನ ಭಾವನೆ. ಲೋಕಲ್ ಗಾಡಿಯಲ್ಲಿ ನಾವು ಅಷ್ಟನ್ನೂ ಕೊಡುವುದಿಲ್ಲ.

೧೯೩೬ರಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ಹಂಪಿಯಲ್ಲಿ ಜರುಗಿತು. ಕರ್ನಾಟಕ ಒಂದಾಗಬೇಕೆಂದು ಹಂಬಲಿಸುತ್ತಿದ್ದ ಕಾಲ. ಅದಕ್ಕಿಂತ ದೊಡ್ಡ ಸಾರ್ವಜನಿಕ ವೇದಿಕೆ ಕನ್ನಡಿಗರಿಗೆ ಆಗ ಬೇರೊಂದಿರಲಿಲ್ಲ. ಅಲ್ಲಿ ಹಾಡಲು ಕುಳಿತವನು ಯಲಿವಾಳದ ಹತ್ತೊಂಬತ್ತರ ತರುಣ, ಗವಾಯಿಗಳ ಶಿಷ್ಯ ಬಸವರಾಜ ರಾಜಗುರು. ತಬಲಾ ಸಾಥಿಗೆ ಕುಳಿತವರು ಸ್ವತಃ ಪಂಚಾಕ್ಷರಿ ಗವಾಯಿಗಳು! ಗುರು ಮುಂದೆ ಕುಳಿತು ಹಾಡಿ, ಶಿಷ್ಯ ಹಿಂದೆ ತಂಬೂರಿ ಮೀಟುವುದು ಲೋಕರೂಢಿ. ಇವರು ಶಿಷ್ಯನನ್ನು ಮುಂದೆ ಕೂಡಿಸಿ ಪಕ್ಕದಲ್ಲಿ ತಾಳ ಕಾದರು. ಗವಾಯಿಗಳ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಸಂಗವಿದು.

ಅವರ ಇನ್ನೊಬ್ಬ ಶಿಷ್ಯನ ಕಥೆ ಮನೆಮಾತು. ೧೯೧೪ರಲ್ಲಿ ದೇವಗಿರಿಯಲ್ಲಿ ಹುಟ್ಟಿ ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡ ಪುಟ್ಟಯ್ಯನನ್ನು ಸೋದರಮಾವ ತಂದು ಗವಾಯಿಗಳ ಕೈಗೊಪ್ಪಿಸಿದರು. ಮುಂದೆ ಹಲವು ವಾದ್ಯಗಳನ್ನು ನುಡಿಸಿ, ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಗ್ರಂಥ ರಚಿಸಿದ ಪುಟ್ಟರಾಜ ಗವಾಯಿಗಳು ಇವರೇ. ೨೦೧೦ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ ೧೭ರಂದು ತೀರಿಕೊಂಡರು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಇಂಥವರನ್ನು ನಾವು ದೇವಮಾನವರೆಂದು ಕರೆದು ಗದ್ದುಗೆಗೆ ಹೂವೇರಿಸುತ್ತೇವೆ. ಅವರ ಹೆಸರು ಹೇಳಿ ಉಳಿದ ಕುರುಡರಿಗೆ ಅವರಂತಾಗು ಎಂದು ಬುದ್ಧಿ ಹೇಳುತ್ತೇವೆ. ಎಲ್ಲ ಕುರುಡರಿಗೂ ಕಂಠವಿರುತ್ತದೆಯೇ? ಕಣ್ಣಿದ್ದವರಲ್ಲಿ ಎಷ್ಟು ಜನ ಗವಾಯಿಗಳಾಗಿದ್ದೇವೆ? ಹಾಡಲು ಬಾರದವನಿಗೂ, ಕೈಕಾಲು ಸ್ವಾಧೀನವಿಲ್ಲದವನಿಗೂ, ಮಾತು ಬಾರದವನಿಗೂ ಸಭೆಯಲ್ಲಿ ಒಂದು ಕುರ್ಚಿ ಬೇಕು, ಕಚೇರಿಯಲ್ಲಿ ಕೆಲಸ ಬೇಕು, ಮನಸ್ಸಿಗೊಪ್ಪುವ ಅಂಗಿ ತೊಟ್ಟು ಮದುವೆಮನೆಗೆ ಹೋಗುವ ಆಸೆಯಿರುತ್ತದೆ. ಗವಾಯಿಗಳ ಕಾಲದಲ್ಲಿ ಮತ ಹಾಕುವ ಹಕ್ಕು ಆಸ್ತಿಯನ್ನೋ ವಿದ್ಯೆಯನ್ನೋ ನೋಡಿ ಕೊಡುವಂಥದು. ವಯಸ್ಕರಿಗೆಲ್ಲ ಮತ ದೊರೆತ ಮೊದಲ ಸಾರ್ವತ್ರಿಕ ಚುನಾವಣೆ ನಡೆದದ್ದು ೧೯೫೧-೫೨ರಲ್ಲಿ, ಅವರು ಹೋದ ಮೇಲೆ. ಅಂಗವಿಕಲರ ಹಕ್ಕಿಗೆ ಕಾಯಿದೆ ಬಂದದ್ದು ೧೯೯೫ರಲ್ಲಿ. ಅದರ ಜಾಗದಲ್ಲಿ ೨೦೧೬ರ ಕಾಯಿದೆ ಬಂದು, ಏಳು ಬಗೆಯ ವೈಕಲ್ಯಗಳಿದ್ದಲ್ಲಿ ಇಪ್ಪತ್ತೊಂದನ್ನು ಪರಿಗಣಿಸಿತು. ಮತಯಂತ್ರದ ಮೇಲೆ ಬ್ರೈಲ್ ಅಂಕಿಗಳು ಬಂದಿವೆ, ಲೋಕಲಿನಲ್ಲಿ ಪ್ರತ್ಯೇಕ ಡಬ್ಬಿಯಿದೆ. ಆದರೆ ಗಾಲಿಕುರ್ಚಿಯಲ್ಲಿ ಬಂದವರಿಗೆ ನಾವು ರಾಜ್ಯೋತ್ಸವಕ್ಕೆ ಹಿಡಿಯುವ ಸಭಾಗೃಹಗಳ ಮೆಟ್ಟಿಲು ಹತ್ತಲಾಗುತ್ತದೆಯೇ? ಒಂದು ವರ್ಷ ನಮ್ಮದೇ ಸಭೆಗೆ ಬಂದ ಹಿರಿಯರೊಬ್ಬರನ್ನು ನಾಲ್ವರು ಎತ್ತಿಕೊಂಡು ಹೋಗಬೇಕಾಯಿತು. ಎತ್ತಿದವರು ಪುಣ್ಯ ಬಂತೆಂದು ನಕ್ಕರು. ಆ ಹಿರಿಯರು ನಗಲಿಲ್ಲ. ಮರುವರ್ಷ ಅವರು ಬರಲೂ ಇಲ್ಲ.

೧೯೪೪ನೆಯ ಇಸವಿ ಜೂನ್ ೧೧ರಂದು ಪಂಚಾಕ್ಷರಿ ಗವಾಯಿಗಳು ಶಿವೈಕ್ಯರಾದರು. ಐವತ್ತೆರಡು ವರ್ಷ, ದೊಡ್ಡ ಆಯುಷ್ಯವೇನಲ್ಲ. ಆಶ್ರಮದ ಭಾರ ಪುಟ್ಟರಾಜರ ಹೆಗಲೇರಿತು, ಅದನ್ನವರು ಅರುವತ್ತಾರು ವರ್ಷ ಹೊತ್ತರು. ರಾಜಗುರುಗಳು ಮುಂಬಯಿಗೆ ಬಂದು ಸವಾಯಿ ಗಂಧರ್ವರಲ್ಲಿ ಅಭ್ಯಾಸ ಮುಂದುವರಿಸಿದರು. ಗವಾಯಿಗಳ ಜೀವನ ಚಲನಚಿತ್ರವಾದದ್ದು ೧೯೯೫ರಲ್ಲಿ. ಅದರ ಸಂಗೀತಕ್ಕೆ ಹಂಸಲೇಖರಿಗೂ ಗಾಯನಕ್ಕೆ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ದೊರೆಯಿತು.

ಪ್ರತಿವರ್ಷ ಪುಣ್ಯತಿಥಿಗೆ ಶಿಷ್ಯರೂ ಶಿಷ್ಯರ ಶಿಷ್ಯರೂ ಗದುಗಿನಲ್ಲಿ ನೆರೆದು ಹಾಡುತ್ತಾರೆ. ಹೋಗಬೇಕೆನ್ನುವವರಿಗೆ ಮುಂಬಯಿಯಿಂದ ಗದುಗಿನ ಹಾದಿಯಾಗಿ ರಾತ್ರಿಯ ರೈಲಿದೆ. ಅದು ಬೈಕುಲ್ಲಾದಲ್ಲಿ ನಿಲ್ಲುವುದಿಲ್ಲ, ದಾದರಿನಲ್ಲಿ ಹತ್ತಬೇಕು.