ಪೂಜ್ಯ ಥಾಮಸ್ ಸ್ಟೀಫನ್ಸ್ ಮತ್ತು ನಮ್ಮ ಮನೆಮಾತು

ಪರ್ಕಳದ ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ದೇವಾಲಯವನ್ನು ಕಟ್ಟಿ ಬೆಳೆಸಿದ ಹಿರಿಯರನ್ನು ನೆನೆಯುವುದು ಸಹಜವೇ ಸರಿ. ಅವರೊಡನೆ ಇನ್ನೊಬ್ಬ ಮಹನೀಯರನ್ನೂ ನಾವು ಸ್ಮರಿಸಬೇಕಾಗಿದೆ. ಪೇಟೆಯಲ್ಲಿ ತುಳು, ಶಾಲೆ ಕಚೇರಿಗಳಲ್ಲಿ ಕನ್ನಡ ಆಡುವ ನಾವು, ಸಂಜೆ ದೀಪ ಹಚ್ಚಿ ತೇರ್ಸ್ ಹೇಳುವಾಗ ಕೊಂಕಣಿಗೆ ತಿರುಗುತ್ತೇವೆ. ಆ ಕೊಂಕಣಿಯ ವ್ಯಾಕರಣವನ್ನು ಬರೆದವರು ಯೇಸು ಸಭೆಯ ಪೂಜ್ಯ ಥಾಮಸ್ ಸ್ಟೀಫನ್ಸ್. ಹುಟ್ಟಿನಿಂದ ಇವರು ಆಂಗ್ಲರು.

ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದಲ್ಲಿ 1549ರ ಸುಮಾರಿಗೆ ಅವರ ಜನನವಾಯಿತು. ಎಲಿಜಬೆತ್ ರಾಣಿಯ ಆಳ್ವಿಕೆಯಲ್ಲಿ ಅಲ್ಲಿ ಕಥೋಲಿಕರಾಗಿ ಬಾಳುವುದೇ ಕಷ್ಟವಾಗಿತ್ತು. ತಾಯ್ನಾಡನ್ನು ತೊರೆದು ರೋಮಿಗೆ ಹೋದ ಅವರು 1575ರಲ್ಲಿ ಯೇಸು ಸಭೆಯನ್ನು ಸೇರಿದರು. 1579ರ ಏಪ್ರಿಲ್ 4ರಂದು ಲಿಸ್ಬನ್ನಿನಿಂದ ಹಡಗೇರಿ, ಆರು ತಿಂಗಳಿಗೂ ಮೀರಿದ ಪ್ರಯಾಣದ ಬಳಿಕ ಅಕ್ಟೋಬರ್ 24ರಂದು ಗೋವೆಯನ್ನು ತಲಪಿದರು. ಮತ್ತೆ ಹಿಂದಿರುಗಲಿಲ್ಲ. 1619ರಲ್ಲಿ ದೈವಾಧೀನರಾಗುವವರೆಗೆ ನಲ್ವತ್ತು ವರ್ಷ ಸಾಷ್ಟಿ ಪ್ರಾಂತದ ಹಳ್ಳಿಗಳೇ ಅವರ ಕಾರ್ಯಕ್ಷೇತ್ರವಾಗಿದ್ದವು.

ಆಗ ಗೋವೆಯಲ್ಲಿ ಆಳುವವರ ಭಾಷೆ ಪೋರ್ಚುಗೀಸ್. ಆದರೆ ಭಕ್ತರಿಗೆ ತಿಳಿಯದ ಭಾಷೆಯಲ್ಲಿ ಬೋಧಿಸಿದ ಧರ್ಮ ಬೇರೂರುವುದೆಂತು? 1606ರ ಗೋವೆಯ ಪ್ರಾಂತೀಯ ಧರ್ಮಸಭೆಯು, ಜನರ ಭಾಷೆಯನ್ನರಿಯದ ಗುರುಗಳಿಗೆ ಧರ್ಮಕೇಂದ್ರಗಳನ್ನು ಒಪ್ಪಿಸಬಾರದೆಂದು ವಿಧಿಸಿತು. ಸ್ಟೀಫನ್ಸರು ವಿಧಿಗಾಗಿ ಕಾಯದೆ ಅದಕ್ಕೂ ಮೊದಲೇ ಕಲಿತಿದ್ದವರು. ಹೊಸದಾಗಿ ಕ್ರೈಸ್ತರಾದವರು ತಮ್ಮ ಹಿಂದಿನ ಪುರಾಣಗಳನ್ನು ಕಳೆದುಕೊಂಡಿದ್ದರು. ಹಾಡಿ ಕೇಳಲು ಅವರಿಗೆ ಏನೂ ಇರಲಿಲ್ಲ. ಆ ಕೊರತೆಯನ್ನು ನೀಗಿಸಲು ರಚಿತವಾದುದೇ 1616ರಲ್ಲಿ ರಾಯ್ತೂರಿನಲ್ಲಿ ಮುದ್ರಣಗೊಂಡ ಕ್ರಿಸ್ತಪುರಾಣ. ಮರಾಠಿ ಸಂತಕವಿಗಳ ಓವಿ ಛಂದಸ್ಸಿನಲ್ಲಿ, ಸುಮಾರು 11,000 ಪದ್ಯಗಳಲ್ಲಿ, ಹಳೆಯ ಒಡಂಬಡಿಕೆಯ ಕಥೆಯೂ ಪ್ರಭು ಯೇಸುಕ್ರಿಸ್ತರ ಚರಿತ್ರೆಯೂ ಅದರಲ್ಲಿ ಅಡಕವಾಗಿವೆ. ಅದರ ಭಾಷೆ ಕೊಂಕಣಿ ಬೆರೆತ ಮರಾಠಿಯೇ ಹೊರತು ಅಚ್ಚ ಕೊಂಕಣಿಯಲ್ಲ; ಅಭಿಮಾನದ ಭರದಲ್ಲಿ ನಾವಿದನ್ನು ಮರೆಯಬಾರದು. ದೇಶೀ ಲಿಪಿಯಲ್ಲೇ ಅಚ್ಚು ಹಾಕಿಸಬೇಕೆಂಬ ಆಸೆಯಿಂದ 1608ರಲ್ಲಿ ಅವರು ರೋಮಿನ ಮೇಲಧಿಕಾರಿಗಳಿಗೆ ಪತ್ರ ಬರೆದಿದ್ದರು. ಆಸೆ ಕೈಗೂಡಲಿಲ್ಲ, ಗ್ರಂಥವು ರೋಮನ್ ಲಿಪಿಯಲ್ಲೇ ಹೊರಬಂತು.

ಅಚ್ಚ ಕೊಂಕಣಿಗೆ ಅವರಿತ್ತ ಕಾಣಿಕೆಗಳು ಬೆಳಕು ಕಂಡುದು ಅವರ ಮರಣಾನಂತರ. ಧರ್ಮೋಪದೇಶದ ಪುಸ್ತಕ 1622ರಲ್ಲಿ, ವ್ಯಾಕರಣ 1640ರಲ್ಲಿ. ಈ ವ್ಯಾಕರಣದ ಹೆಸರಿನಲ್ಲಿ ಭಾಷೆಯನ್ನು 'ಕಾನಾರಿಂ' ಎಂದು ಕರೆದಿರುವುದು ಕನ್ನಡ ಓದುಗರನ್ನು ಗಲಿಬಿಲಿಗೊಳಿಸೀತು. ಪೋರ್ಚುಗೀಸರ ಬಾಯಲ್ಲಿ ಅದು ಕೊಂಕಣಿಯೇ!

ಇಂತಹ ಬಿತ್ತನೆಯ ಮೇಲೆ ಬರಸಿಡಿಲು ಎರಗಿದ್ದು 1684ರ ಜೂನ್ 27ರಂದು. ಮೂರು ವರ್ಷಗಳೊಳಗೆ ಜನರು ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸ್ ಭಾಷೆಯನ್ನೇ ಆಡತಕ್ಕದ್ದೆಂದು ವೈಸ್‌ರಾಯ್ ಆಜ್ಞೆ ಹೊರಡಿಸಿದರು. ಇದಕ್ಕೆ ಕೆಲವು ಧರ್ಮಗುರುಗಳ ಒತ್ತಾಸೆಯೂ ಇತ್ತೆಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. ದೂರದ ದಕ್ಷಿಣ ಅಮೆರಿಕ ಖಂಡದಲ್ಲೂ ನಡೆದುದು ಇದೇ ಕಥೆ. ಅಲ್ಲಿ ಲೀಮಾ ನಗರದಲ್ಲಿ 1584ರಲ್ಲಿ ಸ್ಥಳೀಯರ ಕೆಚುವಾ ಮತ್ತು ಐಮಾರಾ ಭಾಷೆಗಳಲ್ಲಿ ಧರ್ಮೋಪದೇಶ ಅಚ್ಚಾಯಿತು. 1770ರಲ್ಲಿ ಸ್ಪೇನಿನ ದೊರೆ ಮೂರನೆಯ ಚಾರ್ಲ್ಸ್ ಅಂತಹ ಭಾಷೆಗಳೆಲ್ಲ ಅಳಿಯಲೆಂದು ವಿಧಿಸಿದನು. ಇಂದು ಆ ಖಂಡದ 9 ದೇಶಗಳಲ್ಲಿ ಸ್ಪ್ಯಾನಿಷ್, ಬ್ರೆಜಿಲಿನಲ್ಲಿ ಪೋರ್ಚುಗೀಸ್ ಅಧಿಕೃತ ಭಾಷೆಗಳಾಗಿವೆ. ಆದರೂ ಪರಾಗ್ವೆಯಲ್ಲಿ 1992ರ ಸಂವಿಧಾನವು ಗ್ವಾರಾನಿಗೆ ಸ್ಪ್ಯಾನಿಷಿನ ಸಮಾನ ಸ್ಥಾನವನ್ನಿತ್ತಿತು. ಆ ಗ್ವಾರಾನಿಗೂ ಯೇಸು ಸಭೆಯವರೇ ಆದ ಮೊಂತೋಯಾ ಎಂಬ ಗುರುಗಳು ಬರೆದ ವ್ಯಾಕರಣ ಅಚ್ಚಾದುದು 1640ರಲ್ಲಿಯೇ ಎಂಬುದು ಸೋಜಿಗ.

ಕೊಂಕಣಿಯೂ ಅಳಿಯಲಿಲ್ಲ. ಗೋವೆಯಿಂದ ಕನ್ನಡ ಜಿಲ್ಲೆಗೆ ವಲಸೆ ಬಂದ ನಮ್ಮ ಪೂರ್ವಜರು ಅದನ್ನು ಹೊತ್ತು ತಂದರು. ಕ್ರಿಸ್ತಪುರಾಣದ ಕೈಬರಹದ ಪ್ರತಿಗಳೂ ಇತ್ತ ಬಂದವು. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ ಕ್ರೈಸ್ತರು, ಗುರುಗಳಿಲ್ಲದ ಆ ವರ್ಷಗಳಲ್ಲಿ, ಪುರಾಣವನ್ನು ಹಾಡಿಕೊಂಡು ವಿಶ್ವಾಸವನ್ನು ಕಾಪಾಡಿಕೊಂಡರೆಂದು ಹಿರಿಯರ ಹೇಳಿಕೆ. ಹದಿನೇಳನೆಯ ಶತಮಾನದಲ್ಲಿ ಮೂರು ಬಾರಿ ಅಚ್ಚಾದ ಆ ಗ್ರಂಥದ ಒಂದು ಮುದ್ರಿತ ಪ್ರತಿಯೂ ಉಳಿದಿರಲಿಲ್ಲ. ಕೈಬರಹದ ಪ್ರತಿಗಳನ್ನು ಆಧರಿಸಿ 1907ರಲ್ಲಿ ಅದನ್ನು ಮತ್ತೆ ಅಚ್ಚು ಹಾಕಿಸಿದ ಕೀರ್ತಿ ನಮ್ಮ ಮಂಗಳೂರಿನದು. ಸಂಪಾದಕರು ಜೋಸೆಫ್ ಸಲ್ಡಾನ್ಹಾ. ಕೊಂಕಣಿ 1987ರಲ್ಲಿ ಗೋವೆಯ ರಾಜ್ಯಭಾಷೆಯಾಯಿತು. 1992ರಲ್ಲಿ ಭಾರತ ಸಂವಿಧಾನದ ಎಂಟನೆಯ ಅನುಸೂಚಿಯನ್ನು ಸೇರಿತು.

ಈಗ ಯಾವ ವೈಸ್‌ರಾಯಿಯ ಆಜ್ಞೆಯೂ ಇಲ್ಲ. ಆದರೂ ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ತೇರ್ಸನ್ನು ಇಂಗ್ಲಿಷಿನಲ್ಲಿ ಹೇಳುವುದನ್ನು ಕೇಳುತ್ತೇವೆ. ತಪ್ಪಿದರೆ ಸುಮ್ಮನೆ ಕುಳಿತಿರುತ್ತಾರೆ. ಬರುವ ತಪಸ್ಸುಕಾಲದ ಶುಕ್ರವಾರಗಳಲ್ಲಿ, ಶಿಲುಬೆಯ ಹಾದಿಯ ಬಳಿಕ, ಸ್ಟೀಫನ್ಸರ ಪುರಾಣದಿಂದ ಪ್ರಭುವಿನ ಯಾತನೆಯ ಭಾಗವನ್ನು ಹಿರಿಯರೊಬ್ಬರು ಓದಿ, ಹಳೆಯ ಪದಗಳ ಅರ್ಥವನ್ನು ಇಂದಿನ ಕೊಂಕಣಿಯಲ್ಲಿ ಮಕ್ಕಳಿಗೆ ಬಿಡಿಸಿ ಹೇಳುವ ಏರ್ಪಾಡನ್ನು ನಮ್ಮ ಧರ್ಮಕೇಂದ್ರದಲ್ಲಿ ಮಾಡಬಹುದೆಂದು ನಮಗೆ ತೋರುತ್ತದೆ.